ಹುಲ್ಲುಹಾಸಿನ ಸ್ಪ್ರಿಂಕ್ಲರ್‌ಗೆ ಮಣ್ಣಿನಡಿಯ ವೈರಿಂಗ್: ಟ್ರೆಂಚ್ ಮುಚ್ಚುವ ಮೊದಲು ಯಾವುದನ್ನೆಲ್ಲ ಯೋಚಿಸಿಟ್ಟುಕೊಳ್ಳಬೇಕು?

ಹಸಿರಂಗಳ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಮನೆಯ ಸುತ್ತಲಿನ ಹುಲ್ಲುಹಾಸಿಗೆ ಹೊತ್ತು ಹೊತ್ತಿಗೆ ತಾನಾಗಿಯೇ ನೀರು ಹಾಯಿಸುವ ಸ್ಪ್ರಿಂಕ್ಲರ್ ವ್ಯವಸ್ಥೆಯೊಂದನ್ನು ಕೂರಿಸುವ ಸಿದ್ಧತೆಯಲ್ಲಿದ್ದೇನೆ. ಪೈಪಿನ ಅಳತೆ, ಸ್ಪ್ರಿಂಕ್ಲರ್‌ಗಳ ನಡುವಿನ ಅಂತರ, ನೀರಿನ ಒತ್ತಡ ಇವುಗಳ ಲೆಕ್ಕವನ್ನು ಎರಡು ತಿಂಗಳಿಂದ ತಿದ್ದುತ್ತಾ ಬಂದು, ಆ ಭಾಗ ಈಗ ಒಂದು ಹದಕ್ಕೆ ಬಂದಿದೆ. ನನಗೆ ಧೈರ್ಯ ಸಾಲದಿರುವುದು ಮಣ್ಣಿನಡಿ ಹೋಗುವ ವೈರಿಂಗ್ ವಿಷಯದಲ್ಲಿ. ಪೈಪು ಸೋರಿದರೆ ನೆಲ ಜೌಗಾಗಿ ನಮಗೆ ತಿಳಿಯುತ್ತದೆ. ವೈರು ಕೆಟ್ಟರೆ ಮೇಲೆ ಯಾವ ಗುರುತೂ ಕಾಣಿಸುವುದಿಲ್ಲ. ಒಂದು ಮೂಲೆಯ ಹುಲ್ಲು ಕಂದು ಬಣ್ಣಕ್ಕೆ ತಿರುಗಿದ ಮೇಲಷ್ಟೇ ಗೊತ್ತಾಗುತ್ತದೆ. ಆದ್ದರಿಂದ ಒಮ್ಮೆ ಮುಚ್ಚಿದ ಮಣ್ಣನ್ನು ಮತ್ತೆ ಅಗೆಯುವ ಪ್ರಸಂಗ ಬಾರದಂತೆ ಮೊದಲೇ ಯೋಜಿಸಬೇಕೆಂದಿದ್ದೇನೆ.

ನನ್ನ ನಕ್ಷೆ ಹೀಗಿದೆ. ಒಟ್ಟು ಆರು ವಲಯಗಳಿವೆ, ಒಂದೊಂದಕ್ಕೂ ಒಂದೊಂದು ವಾಲ್ವ್: ಮುಂಭಾಗದಲ್ಲಿ ಎರಡು, ಪಕ್ಕದಲ್ಲಿ ಒಂದು, ಹಿಂಭಾಗದಲ್ಲಿ ಮೂರು. ಮುಂಭಾಗದ ಎರಡು ವಾಲ್ವ್‌ಗಳು ಒಂದು ಪೆಟ್ಟಿಗೆಯಲ್ಲಿಯೂ ಉಳಿದ ನಾಲ್ಕು ಹಿಂಭಾಗದ ಇನ್ನೊಂದು ಪೆಟ್ಟಿಗೆಯಲ್ಲಿಯೂ ಇರುತ್ತವೆ. ಹೊತ್ತಿಗೆ ಸರಿಯಾಗಿ ವಾಲ್ವ್‌ಗಳನ್ನು ತೆರೆದು ಮುಚ್ಚುವ ಕಂಟ್ರೋಲರ್ ಅನ್ನು ಕಾರು ನಿಲ್ಲಿಸುವ ಕೋಣೆಯ ಒಳಗೋಡೆಗೆ ಹಾಕುವ ಯೋಚನೆಯಿದೆ. ಅಲ್ಲಿಂದ ಟ್ರೆಂಚ್ ಸಾಗುವ ದಾರಿಯಲ್ಲೇ ಅಳೆದರೆ ಮುಂದಿನ ಪೆಟ್ಟಿಗೆ 18 ಮೀಟರ್, ಹಿಂದಿನ ಪೆಟ್ಟಿಗೆ 65 ಮೀಟರ್ ದೂರವಾಗುತ್ತದೆ. ಹಿಂದಕ್ಕೆ ಹೋಗುವ ದಾರಿಯಲ್ಲಿ 4 ಮೀಟರ್ ಅಗಲದ ಕಾರಿನ ಹಾದಿ ಅಡ್ಡ ಬರುತ್ತದೆ. ಅದಕ್ಕೆ ಇನ್ನೂ ಕಾಂಕ್ರೀಟ್ ಹಾಕಿಲ್ಲ. ನೀರು ತೊಟ್ಟಿಯೊಂದರಿಂದ ಪಂಪಿನ ಮೂಲಕ ಬರುತ್ತದೆ, ಹಾಗಾಗಿ ವಾಲ್ವ್ ತೆರೆದಾಗ ಪಂಪು ಕೂಡ ಚಾಲೂ ಆಗಬೇಕು.

ನನ್ನನ್ನು ಕಾಡುತ್ತಿರುವ ಪ್ರಶ್ನೆಗಳು ಕೆಲವಿವೆ. ಪ್ರತಿ ವಾಲ್ವ್‌ಗೂ ಬೇರೆ ಬೇರೆ ಎರಡೆರಡು ವೈರು ಎಳೆಯಬೇಕೇ, ಅಥವಾ ಹಲವು ವೈರುಗಳಿರುವ ಒಂದೇ ಕೇಬಲ್ ಸಾಕೇ? 65 ಮೀಟರ್ ದೂರಕ್ಕೆ ಎಷ್ಟು ದಪ್ಪದ ತಾಮ್ರ ಬೇಕು? ಮನೆಯಲ್ಲಿ ಕಂಪ್ಯೂಟರ್ ಜಾಲಕ್ಕೆ ಬಳಸಿ ಉಳಿದ ಎಂಟು ವೈರಿನ ಕೇಬಲ್ ಸುರುಳಿಯೊಂದಿದೆ, ಅದನ್ನೇ ಉಪಯೋಗಿಸಬಹುದೇ? ಕೇಬಲ್ ಅನ್ನು ನೇರವಾಗಿ ಮಣ್ಣಿನಲ್ಲಿ ಹೂಳುವುದೇ, ಇಲ್ಲವೇ ಉದ್ದಕ್ಕೂ ಕಾಂಡ್ಯೂಟ್ ಪೈಪಿನೊಳಗೆ ಎಳೆಯುವುದೇ? ನೀರಿನ ಪೈಪಿರುವ ಟ್ರೆಂಚ್‌ನಲ್ಲಿಯೇ ವೈರನ್ನೂ ಹಾಕಿದರೆ ತಪ್ಪೇ? ಅನುಭವವುಳ್ಳವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ತಾಮ್ರತಂತಿ (ಉತ್ತರ):

ಹಸಿರಂಗಳ ಅವರೇ, ಕಾಂಕ್ರೀಟ್ ಹಾಕುವುದಕ್ಕೂ ಮೊದಲೇ ಕೇಳಿದ್ದೀರಿ, ಬಹಳ ಒಳ್ಳೆಯದಾಯಿತು. ಈ ಕೆಲಸದಲ್ಲಿ ಕೈಕೊಡುವ ಸಂಗತಿಗಳಲ್ಲಿ ಹೆಚ್ಚಿನವು ಟ್ರೆಂಚ್ ತೆರೆದಿರುವಾಗ ಐದು ನಿಮಿಷದಲ್ಲಿ ಸರಿಪಡಿಸಬಹುದಾದಂಥವು.

ಮೊದಲು ವಾಲ್ವ್ ಏನು ಕೇಳುತ್ತದೆ ಎಂಬುದನ್ನು ನೋಡೋಣ. ಮನೆಯ ಸ್ಪ್ರಿಂಕ್ಲರ್ ಕಂಟ್ರೋಲರ್‌ಗಳು ಸಾಮಾನ್ಯವಾಗಿ 24 ವೋಲ್ಟ್ ಎ.ಸಿ. ಕೊಡುತ್ತವೆ. ಸೊಲೆನಾಯ್ಡ್ (ಕರೆಂಟು ಹರಿದಾಗ ಕಬ್ಬಿಣದ ದಂಡವನ್ನು ಸೆಳೆದು ವಾಲ್ವ್ ತೆರೆಯುವ ತಂತಿಸುರುಳಿ) ವಾಲ್ವ್ ತೆರೆಯುವ ಕ್ಷಣದಲ್ಲಿ ಅಂದಾಜು 0.4 ಆಂಪಿಯರ್ ಎಳೆದುಕೊಂಡು, ತೆರೆದ ಮೇಲೆ 0.2ರಿಂದ 0.25 ಆಂಪಿಯರ್‌ಗೆ ಇಳಿಯುತ್ತದೆ. ಹೀಗೆ ಇಳಿಯುವುದಕ್ಕೆ ಕಾರಣವಿದೆ. ಸುರುಳಿಯೊಳಗಿನ ಕಬ್ಬಿಣದ ದಂಡ ಹೊರಗಿರುವಾಗ ಸುರುಳಿಯ ಇಂಡಕ್ಟೆನ್ಸ್ (ಎ.ಸಿ. ಕರೆಂಟಿಗೆ ಸುರುಳಿ ತಡೆ ಒಡ್ಡುವ ಗುಣ) ಕಡಿಮೆ, ಹಾಗಾಗಿ ಕರೆಂಟು ಹೆಚ್ಚು ಹರಿಯುತ್ತದೆ. ದಂಡ ಒಳಗೆ ಸೆಳೆಯಲ್ಪಟ್ಟ ಮೇಲೆ ಇಂಡಕ್ಟೆನ್ಸ್ ಏರಿ ಕರೆಂಟು ತಗ್ಗುತ್ತದೆ. ವೈರು ತೀರ ಸಣ್ಣದಾಗಿ ದಂಡ ಪೂರ್ತಿ ಒಳಗೆ ಬಾರದೇ ಹೋದರೆ ಆ ಹೆಚ್ಚಿನ ಕರೆಂಟು ಇಳಿಯದೆ ನಿಂತುಬಿಡುತ್ತದೆ, ಸುರುಳಿ ಬಿಸಿಯಾಗುತ್ತದೆ, ಕೊನೆಗೆ ಸುಡುತ್ತದೆ. ಆದ್ದರಿಂದ ವೈರಿನ ದಪ್ಪವನ್ನು ತೆರೆಯುವ ಕ್ಷಣದ ಕರೆಂಟನ್ನು ಹಿಡಿದೇ ಲೆಕ್ಕ ಹಾಕಬೇಕು.

ಸ್ಪ್ರಿಂಕ್ಲರ್‌ಗೆಂದೇ ಮಾರುವ ಹಲವು ವೈರಿನ ಕೇಬಲ್‌ಗಳಲ್ಲಿ ಸಾಮಾನ್ಯವಾಗಿ 18 ಗೇಜ್‌ನ, ಅಂದರೆ ಸುಮಾರು 0.8 ಚದರ ಮಿ.ಮೀ.ನ, ಒಂದೇ ಎಳೆಯ ತಾಮ್ರ ಇರುತ್ತದೆ. ಅದರ ರೋಧ ಕಿಲೋಮೀಟರಿಗೆ ಸುಮಾರು 21 ಓಮ್. ನಿಮ್ಮ 65 ಮೀಟರಿಗೆ ಹೋಗುವ ದಾರಿ, ಬರುವ ದಾರಿ ಎರಡನ್ನೂ ಸೇರಿಸಿದರೆ 130 ಮೀಟರ್, ಅಂದರೆ 2.7 ಓಮ್. 0.4 ಆಂಪಿಯರ್‌ಗೆ ನಷ್ಟವಾಗುವುದು 1.1 ವೋಲ್ಟ್ ಮಾತ್ರ. ವಾಲ್ವ್‌ನ ಬಳಿ 20 ವೋಲ್ಟ್‌ಗಿಂತ ಮೇಲೆ ಉಳಿಯಬೇಕೆಂದು ಇಟ್ಟುಕೊಂಡರೂ ಈ ಕೇಬಲ್ 200 ಮೀಟರ್‌ವರೆಗೆ ನಿಶ್ಚಿಂತೆಯಿಂದ ನಡೆಯುತ್ತದೆ. ಕಂಪ್ಯೂಟರ್ ಜಾಲದ ಕೇಬಲ್‌ನಲ್ಲಿರುವುದು 24 ಗೇಜ್‌ನ ತಾಮ್ರ (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ವೈರು ತೆಳು). ಅದರ ರೋಧ ಕಿಲೋಮೀಟರಿಗೆ 84 ಓಮ್ ಆಸುಪಾಸು. ಅದೇ ಲೆಕ್ಕ ಹಾಕಿದರೆ ನಷ್ಟ 4.4 ವೋಲ್ಟ್ ಆಗಿ, ವಾಲ್ವ್‌ಗೆ ಸಿಗುವುದು 19.6 ವೋಲ್ಟ್. ಅದು ಒಂದು ದಿನ ತೆರೆದು ಇನ್ನೊಂದು ದಿನ ತೆರೆಯದಿರುವ ಅಂಚು. ಜೊತೆಗೆ ಮನೆಯೊಳಗಿನ ಬಳಕೆಗೆ ತಯಾರಾದ ಆ ಕೇಬಲ್‌ನ ಹೊದಿಕೆ ಸದಾ ತೇವದಲ್ಲಿರುವ ಮಣ್ಣಿಗೆ ಹೇಳಿದ್ದಲ್ಲ. ದಯವಿಟ್ಟು ಅದನ್ನು ಬಳಸಬೇಡಿ.

ಪ್ರತಿ ವಾಲ್ವ್‌ಗೆ ಎರಡೆರಡು ವೈರು ಬೇಡ. ಎಲ್ಲ ವಾಲ್ವ್‌ಗಳ ಒಂದೊಂದು ತುದಿಯನ್ನು ಒಂದೇ ಕಾಮನ್ ವೈರಿಗೆ ಸೇರಿಸಿ, ಇನ್ನೊಂದು ತುದಿಗೆ ತನ್ನದೇ ಆದ ವೈರು ಕೊಟ್ಟರೆ ಸಾಕು. ಎ.ಸಿ. ಆದ್ದರಿಂದ ವಾಲ್ವ್‌ನ ಎರಡು ತುದಿಗಳಲ್ಲಿ ಯಾವುದನ್ನು ಕಾಮನ್‌ಗೆ ಹಾಕಿದರೂ ನಡೆಯುತ್ತದೆ. ವಾಡಿಕೆಯಲ್ಲಿ ಬಿಳಿ ವೈರು ಕಾಮನ್; ಆ ವಾಡಿಕೆಯನ್ನು ಮುರಿಯಬೇಡಿ, ಮುಂದೆ ರಿಪೇರಿಗೆ ಬರುವವರು ಅದನ್ನೇ ನಂಬಿ ಕೈಹಾಕುತ್ತಾರೆ. ನಿಮ್ಮ ಹಿಂದಿನ ಪೆಟ್ಟಿಗೆಗೆ ನಾಲ್ಕು ವಾಲ್ವ್ ಮತ್ತು ಒಂದು ಕಾಮನ್ ಸೇರಿ ಐದು ವೈರು ಬೇಕು. ಏಳು ವೈರಿನ ಕೇಬಲ್ ಎಳೆಯಿರಿ. ಮುಂದಿನ ಪೆಟ್ಟಿಗೆಗೆ ಮೂರು ಬೇಕು, ಐದರ ಕೇಬಲ್ ಹಾಕಿ. ಉಳಿಯುವ ಎರಡೆರಡು ವೈರು ದಂಡವಲ್ಲ. ಮುಂದೊಮ್ಮೆ ಒಂದು ವೈರು ತುಂಡಾದರೆ ಎರಡೂ ತುದಿಯಲ್ಲಿ ಹೆಚ್ಚುವರಿ ವೈರಿಗೆ ಬದಲಿಸಿದರಾಯಿತು, ಗುದ್ದಲಿ ಮುಟ್ಟಬೇಕಾಗಿಲ್ಲ. ಒಂದೇ ದೊಡ್ಡ ಕೇಬಲ್ ಅನ್ನು ಮುಂದಿನ ಪೆಟ್ಟಿಗೆಯಲ್ಲಿ ಕತ್ತರಿಸಿ ಜೋಡಿಸಿ ಹಿಂದಕ್ಕೆ ಒಯ್ಯುವುದಕ್ಕಿಂತ ಎರಡು ಬೇರೆ ಕೇಬಲ್‌ಗಳನ್ನು ಕಂಟ್ರೋಲರ್‌ನಿಂದಲೇ ಹೊರಡಿಸುವುದು ನನಗೆ ಇಷ್ಟ. ಜಾಯಿಂಟ್‌ಗಳು ಕಡಿಮೆಯಾಗುತ್ತವೆ, ಒಂದು ಕೇಬಲ್‌ನ ಕಾಮನ್ ಕೆಟ್ಟರೂ ಇನ್ನೊಂದು ಭಾಗಕ್ಕೆ ನೀರು ನಿಲ್ಲುವುದಿಲ್ಲ.

ಪೈಪಿನ ಟ್ರೆಂಚ್‌ನಲ್ಲಿಯೇ ವೈರು ಹಾಕುವುದು ತಪ್ಪಲ್ಲ, ಅದೇ ರೂಢಿ. ಆದರೆ ಪೈಪಿನ ಮೇಲೆ ಹಾಯಿಸಬೇಡಿ. ಪೈಪಿನ ಕೆಳಬದಿಗೆ, ಒಂದು ಪಕ್ಕಕ್ಕೆ ಒತ್ತಿ ಇಡಿ. ಮುಂದೆ ಯಾರಾದರೂ ಗಿಡ ನೆಡಲು ಹಾರೆ ಹಾಕಿದರೆ ಮೊದಲು ಪೈಪು ಸಿಗಲಿ. ಪೈಪಿಗೆ ಪೆಟ್ಟಾದರೆ ಕಣ್ಣಿಗೆ ಕಾಣುತ್ತದೆ, ಸರಿಪಡಿಸುವುದೂ ಸುಲಭ. ಹುಲ್ಲುಹಾಸಿಗೆ ಗಾಳಿಯಾಡಲೆಂದು ತೂತು ಕೊರೆಯುವ ಯಂತ್ರದ ಹಲ್ಲುಗಳು 5ರಿಂದ 10 ಸೆಂಟಿಮೀಟರ್ ಆಳಕ್ಕೆ ಇಳಿಯುತ್ತವೆ. ಆದ್ದರಿಂದ ಕೇಬಲ್ 25–30 ಸೆಂಟಿಮೀಟರ್ ಆಳದಲ್ಲಿದ್ದರೆ ನೆಮ್ಮದಿ. ಮಣ್ಣಿನಲ್ಲಿ ಚೂಪು ಕಲ್ಲುಗಳಿದ್ದರೆ ಕೆಳಗೂ ಮೇಲೂ ಐದೈದು ಸೆಂಟಿಮೀಟರ್ ಮರಳು ಹರಡಿ. ಕೇಬಲ್ ಅನ್ನು ಬಿಗಿಯಾಗಿ ಎಳೆದು ಕೂರಿಸಬೇಡಿ. ಹಾವು ಹರಿದ ಹಾಗೆ ಸ್ವಲ್ಪ ಓಲಾಡಿಸಿ ಮಲಗಿಸಿ. ಮಣ್ಣು ತಂಪಾದಾಗ ತಾಮ್ರ ಕುಗ್ಗುತ್ತದೆ, ಮುಚ್ಚಿದ ಮಣ್ಣು ಕುಸಿದು ಕೂರುತ್ತದೆ. ಎರಡೂ ಸೇರಿ ಬಿಗಿಯಾದ ವೈರನ್ನು ಜಾಯಿಂಟ್‌ನಿಂದ ಹೊರಕ್ಕೆ ಜಗ್ಗುತ್ತವೆ.

ಕಾರಿನ ಹಾದಿಯ ಅಡಿಯಲ್ಲಿ ಮಾತ್ರ ಕಾಂಡ್ಯೂಟ್ ಹಾಕಲೇಬೇಕು. ನೀರಿನ ಪೈಪಿಗೆ ಒಂದು, ವೈರಿಗೆ ಇನ್ನೊಂದು, ಎರಡೂ ಒಳಗೆ ಹೋಗುವುದರ ದುಪ್ಪಟ್ಟು ಅಗಲದ ಗಟ್ಟಿ ಪಿವಿಸಿ ಪೈಪುಗಳಿರಲಿ. ಹಾದಿಯ ಅಂಚಿನಿಂದ ಆಚೆಗೂ ಈಚೆಗೂ ಒಂದೊಂದು ಅಡಿ ಹೊರಗೆ ಚಾಚಿಸಿ, ಬಾಯಿಯನ್ನು ಮುಚ್ಚಿ, ಒಳಗೊಂದು ನೈಲಾನ್ ಹಗ್ಗ ಬಿಟ್ಟಿಡಿ. ನನ್ನ ಮಾತು ಕೇಳುವುದಾದರೆ ಮೂರನೆಯ ಖಾಲಿ ಪೈಪನ್ನೂ ಹಾಕಿ. ಕಾಂಕ್ರೀಟ್ ಬಿದ್ದ ಮೇಲೆ ಆ ಖಾಲಿ ಪೈಪಿನ ಬೆಲೆ ತಿಳಿಯುತ್ತದೆ.

ತೇವದನೆಲ (ಉತ್ತರ):

ತಾಮ್ರತಂತಿ ಅವರು ಹೇಳಿದ ಲೆಕ್ಕವೆಲ್ಲ ಸರಿಯಾಗಿದೆ. ನಾನು ಜಾಯಿಂಟ್ ಒಂದರ ವಿಷಯವನ್ನೇ ಹೇಳುತ್ತೇನೆ, ಏಕೆಂದರೆ ನನ್ನ ಮನೆಯಲ್ಲಿ ಕೆಟ್ಟದ್ದು ಅದೊಂದೇ, ಮತ್ತು ಆ ಒಂದರಿಂದ ನಾನು ಪಟ್ಟ ಪಾಡು ಬೇರೆಯವರಿಗೆ ಬರಬಾರದು ಎಂಬ ಆಸೆ ನನಗಿದೆ.

ನನ್ನ ಕೇಬಲ್ ಸುರುಳಿ ಹಿಂದಿನ ಪೆಟ್ಟಿಗೆಗೆ ಏಳೆಂಟು ಮೀಟರ್ ಸಾಲದೇ ಬಂತು. ಕೆಲಸಕ್ಕೆ ಬಂದವರು ಇನ್ನೊಂದು ತುಂಡನ್ನು ತಂದು, ಹುಲ್ಲುಹಾಸಿನ ನಟ್ಟನಡುವೆಯೇ ಜೋಡಿಸಿ, ಕಪ್ಪು ಇನ್ಸುಲೇಶನ್ ಟೇಪನ್ನು ಬಿಗಿಯಾಗಿ ನಾಲ್ಕು ಸುತ್ತು ಸುತ್ತಿ ಮುಚ್ಚಿದರು. ಒಂದೂವರೆ ವರ್ಷ ಯಾವ ತೊಂದರೆಯೂ ಇರಲಿಲ್ಲ. ಆಮೇಲೆ ಐದನೆಯ ವಲಯ ವಿಚಿತ್ರವಾಗಿ ವರ್ತಿಸತೊಡಗಿತು. ನೆಲ ಒಣಗಿರುವಾಗ ತೆರೆಯುತ್ತಿತ್ತು, ಎರಡು ದಿನ ಸತತ ನೀರು ಬಿದ್ದ ಮೇಲೆ ತೆರೆಯುತ್ತಿರಲಿಲ್ಲ. ವಾಲ್ವ್ ಕೆಟ್ಟಿದೆ ಎಂದುಕೊಂಡು ಹೊಸ ಸೊಲೆನಾಯ್ಡ್ ಹಾಕಿದೆ, ಗುಣವಾಗಲಿಲ್ಲ. ಕಂಟ್ರೋಲರ್ ಸಂಶಯ ಬಂದು ಐದನೆಯ ಮತ್ತು ಆರನೆಯ ವೈರುಗಳನ್ನು ಅದಲು ಬದಲು ಮಾಡಿ ನೋಡಿದೆ. ದೋಷವೂ ವೈರಿನ ಜೊತೆಗೇ ಸಾಗಿತು, ಅಂದರೆ ಕಂಟ್ರೋಲರ್ ಚೆನ್ನಾಗಿತ್ತು. ಕಂಟ್ರೋಲರ್ ತುದಿಯಲ್ಲಿ ವೈರು ಬಿಚ್ಚಿ ಮಲ್ಟಿಮೀಟರ್ ಹಿಡಿದಾಗ ಬೆಳಿಗ್ಗೆ 40 ಓಮ್ ತೋರಿಸಿದ್ದು ಸಂಜೆಗೆ 300 ದಾಟಿತ್ತು. ಆಗಲೇ ಮಣ್ಣಿನಡಿಯ ಆ ಜಾಯಿಂಟ್ ನೆನಪಾದದ್ದು. ಆದರೆ ಅದು ಎಲ್ಲಿದೆ ಎಂದು ಯಾರೂ ಬರೆದಿಟ್ಟಿರಲಿಲ್ಲ.

ನಾಲ್ಕು ಕಡೆ ಹುಲ್ಲು ಕಿತ್ತು ಅಗೆದೆ, ನಾಲ್ಕನೆಯ ಗುಂಡಿಯಲ್ಲಿ ಸಿಕ್ಕಿತು. ಟೇಪು ಬಿಚ್ಚಿದಾಗ ಅದರ ಅಂಟು ಬೆಲ್ಲದ ಪಾಕದಂತೆ ಬೆರಳಿಗೆ ಮೆತ್ತಿಕೊಂಡಿತು, ಒಳಗೆಲ್ಲ ನೀರು. ಆರು ವೈರುಗಳ ಜಾಯಿಂಟ್ ಹೇಗೋ ಉಳಿದಿತ್ತು. ಏಳನೆಯದರಲ್ಲಿ ತಾಮ್ರದ ಬದಲು ಹಸಿರು ಪುಡಿಯಿತ್ತು. ಉಗುರು ತಾಗಿಸಿದ ಕೂಡಲೇ ವೈರು ಎರಡಾಯಿತು. ಹೊದಿಕೆಯನ್ನು ಇನ್ನೂ ಒಂದು ಗೇಣಿನಷ್ಟು ಸುಲಿದು ನೋಡಿದರೆ ಆ ಉದ್ದಕ್ಕೂ ತಾಮ್ರ ಕಪ್ಪಾಗಿತ್ತು. ಸೇರಿಸಿದ್ದ ತುಂಡು ಹಲವು ಸಣ್ಣ ಎಳೆಗಳ ವೈರು. ಬತ್ತಿ ಎಣ್ಣೆ ಹೀರುವಂತೆ ಎಳೆಗಳ ನಡುವಿನ ಸಂದಿ ನೀರನ್ನು ಒಳಗೆ ಹೀರಿಕೊಂಡು ಹೋಗಿತ್ತು. ಮಣ್ಣಿನಡಿಗೆ ಒಂದೇ ಎಳೆಯ ವೈರನ್ನು ಆರಿಸಿಕೊಳ್ಳಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಆದ್ದರಿಂದ ಹಸಿರಂಗಳ ಅವರೇ, ಕೇಬಲ್ ಕೊಳ್ಳುವಾಗ ಟ್ರೆಂಚ್‌ನ ಉದ್ದಕ್ಕೆ ಕನಿಷ್ಠ ಹತ್ತನೆಯ ಒಂದು ಭಾಗ ಸೇರಿಸಿ ಕೊಳ್ಳಿ. ಗೋಡೆ ಏರುವ ಉದ್ದ, ಪೆಟ್ಟಿಗೆಯೊಳಗೆ ಬಿಡುವ ಉದ್ದ, ಓಲಾಡಿಸುವ ಉದ್ದ ಎಲ್ಲವೂ ಅದರಲ್ಲಿ ಬರುತ್ತವೆ. ಜಾಯಿಂಟ್ ಎಂಬುದು ವಾಲ್ವ್ ಪೆಟ್ಟಿಗೆಯೊಳಗೆ ಬಿಟ್ಟು ಬೇರೆಲ್ಲೂ ಇರಕೂಡದು. ತಪ್ಪಿಸಲಾಗದೇ ಬಂದರೆ ಆ ಜಾಗದಲ್ಲೂ ಒಂದು ಸಣ್ಣ ಪೆಟ್ಟಿಗೆ ಹೂಳಿ. ಪ್ರತಿ ಜಾಯಿಂಟ್‌ಗೂ ಗ್ರೀಸ್ ಅಥವಾ ಜೆಲ್ ತುಂಬಿದ, ನೇರ ಮಣ್ಣಿನಡಿಯ ಬಳಕೆಗೆಂದು ತಯಾರಾದ ಕನೆಕ್ಟರ್ ಹಾಕಿ. ಟೇಪು ಸುತ್ತುವುದು ಅದಕ್ಕೆ ಬದಲಿಯಲ್ಲ. ಪೆಟ್ಟಿಗೆಯೊಳಗೆ ಪ್ರತಿ ವೈರನ್ನೂ 60–90 ಸೆಂಟಿಮೀಟರ್ ಹೆಚ್ಚಿಗೆ ಬಿಟ್ಟು, ಸ್ಕ್ರೂಡ್ರೈವರ್ ಹಿಡಿಗೆ ಹತ್ತು ಹದಿನೈದು ಸುತ್ತು ಸುತ್ತಿ ಸ್ಪ್ರಿಂಗಿನಂತೆ ಮಾಡಿ ಇಡಿ. ಜಾಯಿಂಟನ್ನು ನೆಲದ ಮೇಲಕ್ಕೆ ಎತ್ತಿ ಕುಳಿತು ಕೆಲಸ ಮಾಡುವಷ್ಟು ಉದ್ದ ಅದರಿಂದ ಸಿಗುತ್ತದೆ. ಪೆಟ್ಟಿಗೆಯ ತಳಕ್ಕೆ ಜಲ್ಲಿ ಹಾಕಿದರೆ ನೀರು ನಿಲ್ಲುವುದಿಲ್ಲ. ಬಳಸದ ಹೆಚ್ಚುವರಿ ವೈರುಗಳ ತುದಿಗೂ ಒಂದೊಂದು ಕನೆಕ್ಟರ್ ತೊಡಿಸಿ; ಬೆತ್ತಲೆ ಬಿಟ್ಟ ಹೆಚ್ಚುವರಿ ವೈರು ಬೇಕಾದ ದಿನಕ್ಕೆ ತಾನೂ ಕೆಟ್ಟಿರುತ್ತದೆ.

ಒಂದು ವಿಷಯದಲ್ಲಿ ಮಾತ್ರ ತಾಮ್ರತಂತಿ ಅವರಿಗಿಂತ ನನ್ನ ಅಭಿಪ್ರಾಯ ಬೇರೆ. ಉದ್ದಕ್ಕೂ ಕಾಂಡ್ಯೂಟ್ ಹಾಕುವುದೇ ವಾಸಿ. ಇಲಿ, ಹೆಗ್ಗಣ, ಗುದ್ದಲಿಯ ಏಟು ಇವೆಲ್ಲದರಿಂದ ರಕ್ಷಣೆ ಸಿಗುತ್ತದೆ, ಕೇಬಲ್ ಕೆಟ್ಟರೆ ಹಳೆಯದಕ್ಕೆ ಹೊಸದನ್ನು ಕಟ್ಟಿ ಎಳೆದುಕೊಳ್ಳಬಹುದು.

ತಾಮ್ರತಂತಿ:

ತೇವದನೆಲ ಅವರ ಅನುಭವಕ್ಕೆ ಎದುರು ಹೇಳುವಂಥದ್ದು ಏನೂ ಇಲ್ಲ, ಜಾಯಿಂಟ್ ಬಗ್ಗೆ ಅವರು ಬರೆದ ಪ್ರತಿ ಸಾಲನ್ನೂ ಒಪ್ಪುತ್ತೇನೆ. ಕಾಂಡ್ಯೂಟ್ ಕುರಿತು ಮಾತ್ರ ಎರಡು ಸಂಗತಿ ಗಮನದಲ್ಲಿರಲಿ. ಮಣ್ಣಿನಡಿಯ ಕಾಂಡ್ಯೂಟ್ ಎಷ್ಟೇ ಅಂಟು ಹಾಕಿ ಕೂರಿಸಿದರೂ ಒಳಗೆ ಹನಿಗಟ್ಟಿ ನೀರು ಸೇರುತ್ತದೆ. ಆದ್ದರಿಂದ ಕಾಂಡ್ಯೂಟ್ ಇದೆಯೆಂದು ಮನೆಯೊಳಗಿನ ಸಾಮಾನ್ಯ ವೈರನ್ನು ಹಾಕುವಂತಿಲ್ಲ, ಕೇಬಲ್ ತೇವ ತಡೆಯುವಂಥದ್ದೇ ಆಗಿರಬೇಕು. ಎರಡನೆಯದು, ಎರಡು ಪೆಟ್ಟಿಗೆಗಳ ನಡುವೆ ತಿರುವುಗಳೆಲ್ಲ ಸೇರಿ ನಾಲ್ಕು ಲಂಬಕೋನಕ್ಕಿಂತ ಹೆಚ್ಚಾದರೆ ಕೇಬಲ್ ಒಳಗೆ ಸಿಕ್ಕಿಕೊಂಡು ಎಳೆಯಲು ಬರುವುದಿಲ್ಲ. ಆಗ ನಡುವೆ ಎಳೆಯುವ ಪೆಟ್ಟಿಗೆ ಬೇಕಾಗುತ್ತದೆ, ಇಲ್ಲದಿದ್ದರೆ ಮರಳಿ ಎಳೆಯಬಹುದೆಂಬ ಲಾಭವೇ ಉಳಿಯುವುದಿಲ್ಲ. ಹೆಗ್ಗಣದ ಕಾಟ ಇರುವ ಜಾಗವಾದರೆ ನಾನೂ ಕಾಂಡ್ಯೂಟ್ ಕಡೆಗೇ ನಿಲ್ಲುತ್ತೇನೆ. ಇಲ್ಲವಾದರೆ ಒಳ್ಳೆಯ ಹೊದಿಕೆಯ ಕೇಬಲ್ ಅನ್ನು ಸರಿಯಾದ ಆಳದಲ್ಲಿ ನೇರವಾಗಿ ಹೂಳಿ, ಗೋಡೆಯ ಬಳಿ ನೆಲದಿಂದ ಮೇಲೇಳುವ ಭಾಗಕ್ಕೆ ಮಾತ್ರ ಕಾಂಡ್ಯೂಟ್ ತೊಡಿಸಿದರೆ ಸಾಕು. ಬಿಸಿಲಿಗೂ ಹುಲ್ಲು ಕತ್ತರಿಸುವ ಯಂತ್ರಕ್ಕೂ ಮೊದಲು ಬಲಿಯಾಗುವುದು ಆ ಒಂದು ಅಡಿ.

ಸ್ಟಾರ್ಟರ್‌ಪೆಟ್ಟಿಗೆ (ಉತ್ತರ):

ಪಂಪಿನ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಇಲ್ಲಿಯವರೆಗೆ ಮಾತಾಡಿದ್ದೆಲ್ಲ 24 ವೋಲ್ಟಿನದು, ಅದರಲ್ಲಿ ತಪ್ಪಾದರೆ ಹುಲ್ಲು ಒಣಗುತ್ತದೆ ಅಷ್ಟೇ. ಪಂಪಿನ ಲೈನಿನಲ್ಲಿ ತಪ್ಪಾದರೆ ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತವರ ಜೀವಕ್ಕೆ ಅಪಾಯ. ಈ ಎರಡನ್ನೂ ಮನಸ್ಸಿನಲ್ಲಿಯೂ ಮಣ್ಣಿನಲ್ಲಿಯೂ ಬೇರೆ ಬೇರೆಯಾಗಿಯೇ ಇಡಬೇಕು.

ಕಂಟ್ರೋಲರ್‌ನಲ್ಲಿ ಪಂಪು ಅಥವಾ ಮಾಸ್ಟರ್ ವಾಲ್ವ್‌ಗೆಂದು (ಎಲ್ಲ ವಲಯಗಳಿಗೂ ಮೊದಲು ಬರುವ ಮುಖ್ಯ ವಾಲ್ವ್) ಒಂದು ಟರ್ಮಿನಲ್ ಇರುತ್ತದೆ. ಯಾವ ವಲಯ ತೆರೆದರೂ ಅದರ ಜೊತೆಗೆ ಅಲ್ಲಿಯೂ 24 ವೋಲ್ಟ್ ಬರುತ್ತದೆ. ಅದು ಪಂಪನ್ನು ನಡೆಸುವ ಶಕ್ತಿಯಲ್ಲ, ಒಂದು ಸೂಚನೆ ಮಾತ್ರ. ಆ ಸೂಚನೆ 24 ವೋಲ್ಟ್ ಸುರುಳಿಯ ರಿಲೇಯೊಂದನ್ನು (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಕೂಡಿಸಿ ಬಿಡಿಸುವ ಸ್ವಿಚ್) ಎಳೆಯಬೇಕು. ಪಂಪಿನ ಕರೆಂಟನ್ನು ತಾಳಬಲ್ಲ ರಿಲೇಯ ಸಂಪರ್ಕಗಳು, ಇಲ್ಲವೇ ಅದು ಚಾಲನೆ ಕೊಡುವ ಕಾಂಟ್ಯಾಕ್ಟರ್ ಎಂಬ ಇನ್ನೂ ದೊಡ್ಡ ರಿಲೇ, ಪಂಪನ್ನು ನಡೆಸಬೇಕು. ರಿಲೇಯ ಸುರುಳಿ ಮತ್ತು ಒಂದು ವಾಲ್ವ್ ಒಟ್ಟಿಗೆ ಎಳೆಯುವ ಕರೆಂಟು ಕಂಟ್ರೋಲರ್‌ನ ಟ್ರಾನ್ಸ್‌ಫಾರ್ಮರ್ ಕೊಡಬಲ್ಲ ಮಿತಿಯೊಳಗಿದೆಯೇ ಎಂದು ಎರಡರ ಮೇಲಿನ ಚೀಟಿಯನ್ನೂ ಓದಿ ಕೂಡಿಸಿ ನೋಡಿ. ರಿಲೇಯನ್ನು ಕಂಟ್ರೋಲರ್‌ನ ಪಕ್ಕಕ್ಕೇ ಅಂಟಿಸಬೇಡಿ. ಕಾಂಟ್ಯಾಕ್ಟರ್ ಬಡಿಯುವಾಗ ಹುಟ್ಟುವ ವಿದ್ಯುತ್ ಗದ್ದಲ ಕಂಟ್ರೋಲರ್‌ನ ಒಳಗಿನ ಎಲೆಕ್ಟ್ರಾನಿಕ್ ಚಿಪ್‌ಗಳನ್ನು ದಿಕ್ಕೆಡಿಸಬಹುದು. ಕೆಲವು ಕೈಪಿಡಿಗಳು 4.5 ಮೀಟರ್ ಅಂತರ ಕೇಳುತ್ತವೆ.

ಪಂಪಿಗೆ ಹೋಗುವ ಮುಖ್ಯ ವಿದ್ಯುತ್ತಿನ ಕೇಬಲ್ ಈ ವೈರುಗಳ ಜೊತೆ ಒಂದೇ ಕಾಂಡ್ಯೂಟಿನಲ್ಲಿ ಹೋಗಲೇಕೂಡದು. ಅದಕ್ಕೆ ಬೇರೆ ಟ್ರೆಂಚ್ ತೆಗೆಸಿ, 45–60 ಸೆಂಟಿಮೀಟರ್ ಆಳದಲ್ಲಿ ಗಟ್ಟಿ ಕಾಂಡ್ಯೂಟಿನೊಳಗೆ ಹಾಕಿಸಿ, ಅದರ ಮೇಲೆ ಒಂದು ಗೇಣು ಮಣ್ಣು ಮುಚ್ಚಿದ ಬಳಿಕ ಎಚ್ಚರಿಕೆಯ ಬಣ್ಣದ ಪಟ್ಟಿ ಹರಡಿಸಿ. ಎರಡು ದಾರಿಗಳು ಒಂದನ್ನೊಂದು ದಾಟಬೇಕಾದ ಕಡೆ ಲಂಬವಾಗಿ ದಾಟಲಿ. ಪಂಪಿನ ಲೈನಿಗೂ ಕಂಟ್ರೋಲರ್‌ನ ಪ್ಲಗ್ಗಿಗೂ 30 ಮಿಲಿಆಂಪಿಯರ್‌ಗೆ ಕಡಿಯುವ ವಿದ್ಯುತ್ ಸೋರಿಕೆ ಬ್ರೇಕರ್ ಮತ್ತು ಸರಿಯಾದ ಅರ್ತಿಂಗ್ ಇರಲೇಬೇಕು. ಈ ಭಾಗವನ್ನು ನೀವೇ ಮಾಡದೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ಗೆ ಒಪ್ಪಿಸಿ. ಆಳ ಮತ್ತು ಅಂತರದ ವಿಷಯದಲ್ಲಿ ನಿಮ್ಮಲ್ಲಿನ ನಿಯಮ ಇದಕ್ಕಿಂತ ಹೆಚ್ಚು ಕೇಳಿದರೆ ನಿಯಮದ ಮಾತೇ ನಡೆಯಬೇಕು.

ಇನ್ನೊಂದು ವಿಷಯ. ತೇವದನೆಲ ಅವರಿಗೆ ಆದಂತೆ ಒಂದು ವಾಲ್ವ್‌ನ ವೈರು ತುಂಡಾಯಿತು ಎಂದುಕೊಳ್ಳಿ. ಕಂಟ್ರೋಲರ್‌ಗೆ ಅದು ತಿಳಿಯದಿದ್ದರೆ ಪಂಪಿಗೆ ಚಾಲನೆ ಕೊಟ್ಟೇ ಕೊಡುತ್ತದೆ, ನೀರಿಗೆ ಹೊರಹೋಗುವ ದಾರಿ ಇರುವುದಿಲ್ಲ. ಪಂಪು ಅದೇ ನೀರನ್ನು ಕಡೆಯುತ್ತಾ ಬಿಸಿ ಮಾಡುತ್ತದೆ, ಸೀಲು ಹಾಳಾಗುತ್ತದೆ. ಆದ್ದರಿಂದ ಪಂಪಿನ ಹೊರಬಾಯಿಯಲ್ಲಿ ಒತ್ತಡ ಏರಿದಾಗ ಕಡಿಯುವ ಸ್ವಿಚ್ ಅಥವಾ ನೀರಿನ ಹರಿವಿಲ್ಲದಿದ್ದರೆ ನಿಲ್ಲಿಸುವ ಸಾಧನ ಇರಲಿ. ಕಂಟ್ರೋಲರ್‌ನಲ್ಲಿ ಆರಕ್ಕಿಂತ ಹೆಚ್ಚು ವಲಯಗಳಿದ್ದರೆ, ಖಾಲಿ ವಲಯಗಳಿಗೆ ತಪ್ಪಿ ಸಮಯ ತುಂಬಿದರೂ ಇದೇ ಆಗುತ್ತದೆ. ಅವುಗಳ ಸಮಯ ಸೊನ್ನೆಯಲ್ಲೇ ಇರಲಿ.

ಹಸಿರಂಗಳ:

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಕಂಪ್ಯೂಟರ್ ಕೇಬಲ್‌ನ ಆಸೆ ಬಿಟ್ಟೆ. ಮಣ್ಣಿನಡಿಗೆಂದೇ ಇರುವ 18 ಗೇಜ್‌ನ ಏಳು ವೈರಿನ ಕೇಬಲ್ 80 ಮೀಟರ್, ಐದು ವೈರಿನದು 25 ಮೀಟರ್ ತರಿಸಿದ್ದೇನೆ. ಹೆಗ್ಗಣದ ಬಿಲಗಳು ಬೇಲಿಯ ಉದ್ದಕ್ಕೆ ಕಂಡದ್ದರಿಂದ ಆ 20 ಮೀಟರಿಗೆ ಕಾಂಡ್ಯೂಟ್ ಹಾಕಿ, ಉಳಿದೆಡೆ ನೇರವಾಗಿ ಹೂಳುವುದೆಂದು ತೀರ್ಮಾನಿಸಿದೆ. ಕಾರಿನ ಹಾದಿಯ ಅಡಿಯಲ್ಲಿ ಖಾಲಿ ಪೈಪೂ ಸೇರಿ ಮೂರು ಪೈಪುಗಳು ಕೂತಿವೆ. ಪಂಪಿನ ಕೆಲಸವನ್ನು ಎಲೆಕ್ಟ್ರಿಷಿಯನ್‌ಗೆ ವಹಿಸಿದ್ದೇನೆ.

ಎರಡು ಸಣ್ಣ ಪ್ರಶ್ನೆಗಳು ಉಳಿದಿವೆ. ಮಳೆ ಬಂದರೆ ನೀರು ನಿಲ್ಲಿಸುವ ಸೆನ್ಸರ್ ಅನ್ನು ಮುಂದಿನ ವರ್ಷ ಹಾಕಬೇಕೆಂದಿದ್ದರೆ ಈಗಲೇ ಏನಾದರೂ ಬಿಡಬೇಕೇ? ಮಣ್ಣು ಮುಚ್ಚುವ ಮೊದಲು ಯಾವ ಯಾವ ಪರೀಕ್ಷೆ ಮಾಡಬೇಕು?

ತಾಮ್ರತಂತಿ:

ಮಳೆ ಸೆನ್ಸರ್‌ಗೆ ಎರಡು ವೈರು ಸಾಕು. ಒಣಗಿರುವಾಗ ಅದರೊಳಗಿನ ಸಂಪರ್ಕ ಕೂಡಿರುತ್ತದೆ, ನೆನೆದಾಗ ಬಿಡುತ್ತದೆ. ಸೆನ್ಸರ್‌ಗೆಂದೇ ಟರ್ಮಿನಲ್ ಇದ್ದರೆ ಅಲ್ಲಿರುವ ಸಣ್ಣ ಜೋಡುತಂತಿಯನ್ನು ತೆಗೆದು ಆ ಜಾಗಕ್ಕೆ ಸೆನ್ಸರ್‌ನ ವೈರುಗಳನ್ನು ಹಾಕಬೇಕು, ಇಲ್ಲದಿದ್ದರೆ ಕಾಮನ್ ವೈರಿನ ದಾರಿಯಲ್ಲಿ ಸರಣಿಯಾಗಿ ಸೇರಿಸಬೇಕು. ಸೂರಿನಡಿಯಲ್ಲಿ ಬೇಡ, ಸ್ಪ್ರಿಂಕ್ಲರ್ ನೀರು ತಾಗುವ ಜಾಗವೂ ಬೇಡ. ಅದು ಗೋಡೆಯ ಮೇಲ್ಭಾಗಕ್ಕೆ ಬರುವುದರಿಂದ ಕಂಟ್ರೋಲರ್ ಕೋಣೆಯಿಂದ ಹೊರಕ್ಕೆ ಹಗ್ಗ ಬಿಟ್ಟ ಒಂದು ಕಾಂಡ್ಯೂಟ್ ತುಂಡು ಇದ್ದರೆ ಸಾಕು, ಮಣ್ಣಿನಲ್ಲಿ ಏನನ್ನೂ ಬಿಡಬೇಕಾಗಿಲ್ಲ.

ಪರೀಕ್ಷೆಗೆ ಬಂದರೆ, ಕಂಟ್ರೋಲರ್‌ಗೆ ವೈರು ಜೋಡಿಸುವ ಮೊದಲು, ಆ ತುದಿಯಲ್ಲಿಯೇ ಕಾಮನ್ ಮತ್ತು ಒಂದೊಂದು ವಲಯದ ವೈರಿನ ನಡುವೆ ರೋಧ ಅಳೆಯಿರಿ. 20ರಿಂದ 60 ಓಮ್ ಒಳಗೆ ಬಂದರೆ ವೈರು, ಜಾಯಿಂಟ್, ಸುರುಳಿ ಮೂರೂ ಸರಿ. ಮೀಟರ್ ಏನನ್ನೂ ತೋರಿಸದಿದ್ದರೆ ಎಲ್ಲೋ ತುಂಡಾಗಿದೆ. ಐದಾರು ಓಮ್ ಮಾತ್ರ ಬಂದರೆ ಎಲ್ಲೋ ತಾಗಿಕೊಂಡಿದೆ. ಒಂದು ಪೆಟ್ಟಿಗೆಯ ಎಲ್ಲ ವಲಯಗಳೂ ಒಟ್ಟಿಗೆ ಸತ್ತಿದ್ದರೆ ಅಲ್ಲಿನ ಕಾಮನ್ ಜಾಯಿಂಟ್ ನೋಡಿ, ಒಂದೇ ಸತ್ತಿದ್ದರೆ ಅದರದೇ ವೈರನ್ನು ನೋಡಿ. ಮೀಟರ್ ತೋರಿಸುವ ಈ ಓಮ್ ಹಿಡಿದು 24 ವೋಲ್ಟನ್ನು ಭಾಗಿಸಿದರೆ ಕರೆಂಟು ಹೆಚ್ಚಿಗೆ ಬರುವಂತೆ ಕಾಣುತ್ತದೆ. ಗಾಬರಿ ಬೇಡ, ಮೀಟರ್ ಅಳೆಯುವುದು ತಾಮ್ರದ ರೋಧವನ್ನಷ್ಟೇ, ಎ.ಸಿ.ಯಲ್ಲಿ ಇಂಡಕ್ಟೆನ್ಸ್‌ನ ತಡೆಯೂ ಸೇರುತ್ತದೆ. ಆಮೇಲೆ ನೀರು ಬಿಟ್ಟು ಪ್ರತಿ ವಲಯವನ್ನು ಓಡಿಸಿ, ಒಂದು ರಾತ್ರಿ ಹಾಗೆಯೇ ಬಿಟ್ಟು, ಜಾಯಿಂಟ್‌ಗಳು ನೆನೆದ ಮೇಲೆ ಇನ್ನೊಮ್ಮೆ ಅಳೆಯಿರಿ.

ತೇವದನೆಲ:

ಇದರ ಜೊತೆಗೆ ನಕ್ಷೆ. ಟ್ರೆಂಚ್ ತೆರೆದಿರುವಾಗಲೇ ಅಳತೆಯ ಟೇಪನ್ನು ನೆಲದ ಮೇಲೆ ಚಾಚಿಟ್ಟು, ಹಿನ್ನೆಲೆಯಲ್ಲಿ ಗೋಡೆಯ ಮೂಲೆ ಕಾಣುವಂತೆ ಫೋಟೋ ತೆಗೆಯಿರಿ. ಪ್ರತಿ ತಿರುವಿಗೂ ಪ್ರತಿ ಪೆಟ್ಟಿಗೆಗೂ ಎರಡು ಸ್ಥಿರ ಜಾಗಗಳಿಂದ, ಉದಾಹರಣೆಗೆ ಮನೆಯ ಎರಡು ಮೂಲೆಗಳಿಂದ, ದೂರ ಅಳೆದು ಬರೆದಿಡಿ. ಒಂದೇ ಅಳತೆಯಿದ್ದರೆ ಜಾಗ ಒಂದು ವೃತ್ತದ ಮೇಲೆ ಎಲ್ಲಿ ಬೇಕಾದರೂ ಇರಬಹುದು, ಎರಡಿದ್ದರೆ ಗುದ್ದಲಿ ಇಡುವ ಬಿಂದುವೇ ಸಿಗುತ್ತದೆ. ಮರ, ಬೇಲಿಕಂಬಗಳಿಂದ ಅಳೆಯಬೇಡಿ, ಅವು ನಿಮಗಿಂತ ಮೊದಲೇ ಜಾಗ ಬಿಟ್ಟಿರುತ್ತವೆ.

ಹಸಿರಂಗಳ:

ನಿನ್ನೆ ಅಳೆದೆ. ಮುಂದಿನ ಎರಡು ವಲಯಗಳು 31 ಓಮ್ ತೋರಿಸಿದವು. ಹಿಂದಿನ ಮೂರು 33 ತೋರಿಸಿದವು. ತಾಮ್ರತಂತಿ ಅವರು ಹೇಳಿದ ವೈರಿನ ರೋಧ ಹೀಗೆ ಎರಡು ಓಮ್‌ಗಳ ವ್ಯತ್ಯಾಸವಾಗಿ ಮೀಟರಿನಲ್ಲಿ ಕಣ್ಣಿಗೆ ಬಿದ್ದಾಗ ಬಹಳ ಸಂತೋಷವಾಯಿತು. ಆರನೆಯ ವಲಯ ಮಾತ್ರ ಏನನ್ನೂ ತೋರಿಸಲಿಲ್ಲ. ಪೆಟ್ಟಿಗೆಯ ಮುಚ್ಚಳ ತೆಗೆದು ಆ ವಾಲ್ವ್‌ನ ಕನೆಕ್ಟರ್‌ಗಳನ್ನು ಒಂದೊಂದಾಗಿ ಮೆಲ್ಲಗೆ ಜಗ್ಗಿದಾಗ ಒಂದರಿಂದ ಹಳದಿ ವೈರು ಸರಕ್ಕನೆ ಹೊರಬಂತು. ಅದರ ಹೊದಿಕೆಯನ್ನು ನಾನು ಅರ್ಧ ಸೆಂಟಿಮೀಟರ್ ಮಾತ್ರ ಸುಲಿದಿದ್ದೆ, ತಾಮ್ರ ಒಳಗಿನ ಸ್ಪ್ರಿಂಗಿಗೆ ತಾಗಿರಲೇ ಇಲ್ಲ. ಸ್ಪ್ರಿಂಗಿನಂತೆ ಸುತ್ತಿಟ್ಟ ಉದ್ದವಿದ್ದುದರಿಂದ ಎಳೆದು ಮೇಲೆ ತಂದು, ಇನ್ನಷ್ಟು ಸುಲಿದು, ಹೊಸ ಕನೆಕ್ಟರ್ ಹಾಕಿದೆ. 33 ಓಮ್ ಬಂತು.

ರಾತ್ರಿಯಿಡೀ ನೆನೆಸಿ ಈ ಬೆಳಿಗ್ಗೆ ಮತ್ತೆ ಅಳೆದಾಗಲೂ ಆರೂ ಅಂಕಿಗಳು ಅಲುಗಿಲ್ಲ. ಅವನ್ನು ದಿನಾಂಕದೊಂದಿಗೆ ಕಂಟ್ರೋಲರ್ ಮುಚ್ಚಳದ ಒಳಮೈಗೆ ಬರೆದು ಅಂಟಿಸಿದ್ದೇನೆ, ಪಕ್ಕದಲ್ಲಿ ನಕ್ಷೆಯೂ ಇದೆ. ಮಧ್ಯಾಹ್ನದಿಂದ ಮಣ್ಣು ಮುಚ್ಚಲು ತೊಡಗುತ್ತೇವೆ.